ಆಯಿಯ ಮಣ್ಣಿನ ಬುಟ್ಟಿ

ಮಸೂತಿ ಊರಿನ ನಮ್ಮ ಹಳೆಯ ಮನೆ ಕೆಡವುವಾಗ ಬಿದಿರಿನ ಬುಟ್ಟಿಯೊಂದು ಸಿಕ್ಕಿತು. ಹೆಣಿಗೆಯ ಸಂದಿನಲ್ಲಿ ಕಪ್ಪು ಮಣ್ಣು ಅಂಟಿತ್ತು. ನೀರು ಚಿಮುಕಿಸಿದೊಡನೆ ಎರಿ ಹೊಲದ ಹಸಿ ವಾಸನೆ ಎದ್ದಿತು, ಅದರ ಬೆನ್ನಿಗೇ ಆಯಿಯ ನಗು. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಹೊಲ ಮೇಲೆ, ಅವಳ ಮೈದುನ ಸಣ್ಣ ಮುತ್ಯಾನ ಹೊಲ ಕೆಳಗೆ. ಮುಂಗಾರು ಬಂದರೆ ನಮ್ಮ ಮಣ್ಣು ಹರಿದು ಅವನ ಹೊಲ ಸೇರುತ್ತಿತ್ತು. ಮಳೆ ನಿಂತ ಮರುದಿನ ಆಯಿ ಬುಟ್ಟಿಗೆ ಬಟ್ಟೆ ಹಾಸಿ, ಬಿಸಿ ಕಡಬು ತುಂಬಿಕೊಂಡು ಕೆಳಗಿಳಿಯುತ್ತಿದ್ದಳು. ಹಿಂದೆ ನಾವು ಮಕ್ಕಳು. ಕಡಬು ಖಾಲಿಯಾದ ಮೇಲೆ ಜಗಳ.

"ನಮ್ಮ ಮಣ್ಣು ನಮಗ ಕೊಡೋ, ಕಳ್ಳಾ!"

"ನಾ ಏನ್ ಕರಿಯಾಕ ಬಂದಿದ್ನೇನ್ರಿ ವೈನಿ? ತಾನಾಗೇ ಬಂದೈತಿ. ಖಾಲಿ ಬುಟ್ಟಿ ಮಾತ್ರ ಒಯ್ಯಬ್ಯಾಡ್ರಿ" ಎಂದು ಮುತ್ಯಾ ತಾನೇ ಬುಟ್ಟಿ ತುಂಬ ಮಣ್ಣು ತುಂಬಿ ಅವಳ ತಲೆಗೇರಿಸುತ್ತಿದ್ದ.

ಒಂದು ಬೇಸಿಗೆ ಬಾಗೇವಾಡಿಯಿಂದ ಭೂಸಾರ ಸಂರಕ್ಷಣೆ ಇಲಾಖೆಯವರು ಮಣ್ಣು ತಡೆಯುವ ಬದು ಹಾಕಲು ಬಂದರು. ಇಳಿಜಾರಿನ ಮಟ್ಟ ನೋಡಿ ಸುಣ್ಣದ ಗೆರೆ ಎಳೆದರು. ಗೆರೆ ಸೊಟ್ಟಗಿತ್ತು.

"ಏನ್ರಿ ಸಾಹೇಬ್ರ, ಕುಡದು ಎಳದೀರೇನು?" ಎಂದಳು ಆಯಿ.

"ನೆಟ್ಟಗ ಹಾಕಿದ್ರ ನೀರು ಒಂದ ಕಡೆ ನಿಂತು ಬದು ಒಡೀತೈತ್ರಿ ಆಯಿ" ಎಂದು ಅವರೂ ನಕ್ಕರು.

ಆದರೆ ಹೆಚ್ಚಾದ ನೀರು ಮುತ್ಯಾನ ಹೊಲದ ಮೂಲಕವೇ ಹೊರಹೋಗಬೇಕಿತ್ತು. ಅವನು ಒಪ್ಪದಿದ್ದರೆ ಬದುವಿಲ್ಲ, ನಮ್ಮ ಮಣ್ಣು ಉಳಿಯುವುದಿಲ್ಲ. ಒಪ್ಪಿದರೆ ಅವನ ಪುಕ್ಕಟೆ ಮಣ್ಣು ನಿಂತುಹೋಗುತ್ತದೆ. ಆಯಿಯ ಮುಖ ಸಣ್ಣದಾಯಿತು. ಮುತ್ಯಾ ನಿಧಾನಕ್ಕೆ ತಂಬಾಕು ತಿಕ್ಕಿ, "ಮಣ್ಣು ಹೋಗ್ಲಿ ವೈನಿ. ಬದು ಹಾಕಿದಮ್ಯಾಲ ಕಡಬು ತರ್ತೀರೋ ಇಲ್ಲೋ, ಅದನ್ನ ಹೇಳ್ರಿ ಮದಲ" ಎಂದ.

ತಂದಳು, ಇರುವವರೆಗೂ. ಮಣ್ಣು ಜಾರುವುದು ನಿಂತಿತು, ನೀರು ಬದುವಿಗೆ ಬೆನ್ನು ಕೊಟ್ಟು ನಿಂತು ನಮ್ಮ ಹೊಲದಲ್ಲೇ ಇಂಗತೊಡಗಿತು. ಆದರೂ ಮುತ್ಯಾ ಬುಟ್ಟಿ ತುಂಬಿಸುವುದನ್ನು ಬಿಡಲಿಲ್ಲ.

ಹೀಗೆಂದು ನನ್ನ ನೆನಪು. ಧಾರವಾಡದಲ್ಲಿ ಕೃಷಿ ಓದಿದ ನನಗೆ ಇದನ್ನು ನಂಬುವುದು ಕಷ್ಟ. ಕಡಬಿನ ಬುಟ್ಟಿಗೆ ಯಾರಾದರೂ ಮಣ್ಣು ಹಾಕುತ್ತಾರೆಯೇ? "ಮಣ್ಣಲ್ಲೋ ಹುಚ್ಚಾ, ಪುಂಡಿಪಲ್ಯಾ ತರ್ತಿದ್ಲು" ಎನ್ನುತ್ತಾಳೆ ನನ್ನ ಸೋದರತ್ತೆ. ಸೊಪ್ಪೇ ಇರಬಹುದು.

ಇಬ್ಬರೂ ಈಗಿಲ್ಲ. ಬದು ಹುಲ್ಲು ಹೊದ್ದು ಇನ್ನೂ ಸೊಟ್ಟಗೇ ಮಲಗಿದೆ. ಈ ಸಲ ಮಳೆ ನಿಂತ ಮರುದಿನ ಅದೇ ಬುಟ್ಟಿಯಲ್ಲಿ ಕಡಬು ಒಯ್ದೆ. ಮುತ್ಯಾನ ಮಗ, ನನ್ನ ಕಾಕಾ, ತಿಂದು ಕೈ ಒರೆಸಿಕೊಂಡವನು ತಾನಾಗೇ ಬಗ್ಗಿ, ಎರಡೂ ಕೈಯಿಂದ ಬುಟ್ಟಿಗೆ ಹಸಿಮಣ್ಣು ತುಂಬತೊಡಗಿದ. ಈ ಕತೆಯನ್ನು ಅವನಿಗೆ ಎಂದೋ ನಾನೇ ಹೇಳಿದ್ದೆನೇನೋ, ಗೊತ್ತಿಲ್ಲ. ಬದು ಹತ್ತುವಾಗ ತಲೆಯ ಮೇಲಿನ ಭಾರವಂತೂ ನಿಜವಾಗಿತ್ತು.