ಹಳೆಯ ಆವೃತ್ತಿ ಕಾಯುವ ಶಾಂಭವಿ

ಶಾಂಭವಿಗೆ ಹನ್ನೊಂದು ವರ್ಷದ ಕೂಲಿ ಬಾಕಿ ಇದೆ. ಕೊಡಬೇಕಾದವರು ಶಿವಮೊಗ್ಗ, ಭದ್ರಾವತಿ, ಆಯನೂರಿನ ಸಹಕಾರ ಸಂಘಗಳವರು. ಕೂಲಿಯ ಮಾತೆತ್ತಿ ಗೋಪಿ ಸರ್ಕಲ್‌ನಲ್ಲಿ ಧರಣಿ ಕೂತು ಗಂಟಲು ಹರಿದುಕೊಂಡವರೂ ಅವರಲ್ಲಿದ್ದಾರೆ.

ಹುಟ್ಟಿದ್ದು ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ, ಕಾರ್ಖಾನೆಯ ಫಿಟ್ಟರ್ ಮಗಳಾಗಿ. ಈಗ ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ, ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ. ಕೆಲಸ ಕಾಯಂ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಹಿಂದೊಂದು ಬೇಸಿಗೆ ರಜೆಯಲ್ಲಿ ಅವಳು ‘ಅಚ್ಚು’ ಬರೆದಳು. ಅದು ಪೂರ್ತಿ ತಂತ್ರಾಂಶವಲ್ಲ. ಬೇರೆಯವರ ತಂತ್ರಾಂಶದ ಹೊಟ್ಟೆಯೊಳಗೆ ಕೂತು, ಕರಕರ ಸದ್ದು ಮಾಡುವ ರಿಬ್ಬನ್ ಪ್ರಿಂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವ ಒಂದು ತುಂಡು. ಕಂಪ್ಯೂಟರಿನವರು ಇಂಥದ್ದನ್ನು ಲೈಬ್ರರಿ ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಳು. ಸಂಘಗಳಿಗೆ ಬಿಲ್ಲು, ರಸೀದಿ, ಸಂಬಳ ಚೀಟಿಯ ತಂತ್ರಾಂಶ ಮಾಡಿಕೊಡುತ್ತಿದ್ದವರು ಎತ್ತಿಕೊಂಡರು.

ಮೊದಲ ಆವೃತ್ತಿಯಲ್ಲಿ ಒಂದು ತಪ್ಪಿತ್ತು. ಎಲ್ಲವನ್ನೂ ಒಂದು ಸಾಲು ಕೆಳಗೆ ಹೊಡೆಯುತ್ತಿತ್ತು. ಯಾರಾದರೂ ಅವಳಿಗೆ ಹೇಳಬೇಕಿತ್ತು. ನಮ್ಮ ಜನ ಹೇಳಲಿಲ್ಲ. ಪ್ರೆಸ್ಸಿಗೆ ಹೋಗಿ, ಪ್ರಿಂಟರಿಗೆ ಹಾಕುವ ಫಾರಂನ ಚೌಕಗಳನ್ನೇ ಒಂದು ಸಾಲು ಕೆಳಗಿಳಿಸಿ, ಬೀರು ತುಂಬ ಮುದ್ರಿಸಿಟ್ಟುಕೊಂಡರು. ಮುಂದೆ ಅವಳೇ ತಪ್ಪು ಕಂಡು ತಿದ್ದಿ ಹೊಸ ಆವೃತ್ತಿ ಬಿಟ್ಟಾಗ ಯಾರಿಗೂ ಬೇಡವಾಯಿತು. “ಹಳೇದೇ ಇರ್ಲಿ ಮೇಡಂ” ಎಂದರು.

ಇರಲಿ ಅಂದರೆ ಅದು ಸುಮ್ಮನೆ ಇರುವುದಿಲ್ಲ. ವಿಂಡೋಸ್ ಬದಲಾದಾಗಲೆಲ್ಲ ಹಳೆಯದು ಮುಗ್ಗರಿಸುತ್ತದೆ. ಅದರ ರಿಪೇರಿಗೆಂದೇ ಮಂಚದ ಕೆಳಗೆ ಒಂದು ಮುದಿ ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ. ಭಾನುವಾರ ಬಟ್ಟೆ ನೆನೆಸಿಟ್ಟು ಅದರ ಮುಂದೆ ಕೂರುತ್ತಾಳೆ. ಬಟ್ಟೆ ಸೋಮವಾರವೂ ಬಕೆಟ್ಟಿನಲ್ಲೇ ಇರುತ್ತದೆ.

ಹೋದ ವರ್ಷ ಸಾಕೆನಿಸಿತು. ‘ಹಳೆಯ ಆವೃತ್ತಿ ಬರುವ ಯುಗಾದಿವರೆಗೆ ಮಾತ್ರ’ ಎಂದು ಅಚ್ಚುವಿನ ಇಂಟರ್ನೆಟ್ ಪುಟದಲ್ಲಿ ಬರೆದಳು. ಹೇಳಿದ್ದು ಸರಿ, ಹೇಳಿದ ಜಾಗ ತಪ್ಪು. ಒಮ್ಮೆ ಇಳಿಸಿಕೊಂಡವರು ಆ ಪುಟದ ಕಡೆ ತಲೆಹಾಕುವುದಿಲ್ಲ. ಯುಗಾದಿ ಕಳೆಯಿತು, ಹಳೆಯದನ್ನು ಪುಟದಿಂದ ತೆಗೆದುಹಾಕಿದಳು.

ಅದೇ ತಿಂಗಳು ಸಿಡಿಲು ಬಡಿದು ಭದ್ರಾವತಿ ಹಳೇನಗರದ ಸಫಾಯಿ ಕೆಲಸಗಾರರ ಸಂಘದ ಕಂಪ್ಯೂಟರ್ ಸುಟ್ಟಿತು. ಕಂಪ್ಯೂಟರ್ ರಿಪೇರಿ ಅಂಗಡಿಯ ಸುದೀಪ್ ಹೊಸದನ್ನು ಕೂರಿಸಿ, ಸಿಕ್ಕಿದ ಅಚ್ಚು ಹಾಕಿ ಹೋದ. ಸಿಕ್ಕಿದ್ದು ಹೊಸ ಆವೃತ್ತಿ, ಬೀರುವಿನಲ್ಲಿದ್ದದ್ದು ಹಳೇ ಫಾರಂ. ಕೈಗೆ ಬರಬೇಕಾದ ಸಂಬಳ ಒಂದು ಸಾಲು ಮೇಲೇರಿ ‘ಕಡಿತ’ದ ಚೌಕದಲ್ಲಿ ಕೂತಿತು. ಬ್ಯಾಂಕಿನವರು ಸಂಬಳ ಚೀಟಿಗಳನ್ನು ವಾಪಸ್ ಕಳಿಸಿದರು.

ಬಸ್‌ಸ್ಟ್ಯಾಂಡ್ ಗುಡಿಸುವ ಕರಿಯಮ್ಮ ಚೀಟಿ ಹಿಡಿದು ಸಂಘದ ಕಾರ್ಯದರ್ಶಿ ಶಿವಯೋಗಿಯ ಎದುರು ನಿಂತಳು. “ಏನ್ ಸಾಮಿ, ಪೂರಾ ಮುರ್ಕೊಂಡ್ರಾ? ಪೊರಕೆಗಾದ್ರೂ ಏನಾರ ಬಿಡ್ಬಾರ್ದಿತ್ತಾ?”

ಮರುದಿನ ಶಿವಯೋಗಿ ಬಸ್ಸು ಹತ್ತಿ ವಿದ್ಯಾನಗರಕ್ಕೆ ಬಂದ. ಇಬ್ಬರನ್ನೂ ಬಲ್ಲ ನಾನೂ ಜೊತೆಗಿದ್ದೆ. ಘೋಷಣೆ ಕೂಗಿ ಪಳಗಿದ ಅವನ ಗಂಟಲು ಬೀದಿಯ ಕೊನೆಗೂ ಕೇಳಿಸಿತು.

“ಹೇಳ್ದೆ ಕೇಳ್ದೆ ತೆಗೆದ್ಬಿಟ್ರೆ ಹೆಂಗೆ ಮಾರಾಯ್ತಿ? ಬಡವ್ರ ಸಂಬಳ ನಿಂತೋಗಿದೆ!”

“ಹೇಳಿದ್ನಲ್ಲ ಅಣ್ಣ. ವರ್ಷದಿಂದ ಬರೆದಾಕಿದ್ದೆ.”

“ಎಲ್ಲಿ? ನಮ್ಮ ಸಂಘದ ಬೋರ್ಡ್ ಮೇಲಾ?”

ಶಾಂಭವಿ ಮಾತು ಬದಲಿಸಿದಳು. “ಹೊಸ ಫಾರಂ ಪ್ರಿಂಟ್ ಹಾಕ್ಸಿ. ಒಂದ್ಸಾಲು ಮೇಲೆ, ಅಷ್ಟೆ.”

“ಬೀರು ತುಂಬ ಹಳೇದು ಬಿದ್ದಿದೆ. ಕಮಿಟಿ ಒಪ್ಪಲ್ಲ.”

“ನಿಮ್ಮ ಕಮಿಟಿ ಕಾಗ್ದ ಉಳಿಸೋಕೆ ನನ್ನ ಭಾನುವಾರ ಹಾಳಾಗ್ಬೇಕಾ? ಊರಿಗೆಲ್ಲ ಧರಣಿ ಕೂರ್ತೀರಿ, ನನ್ನ ರಜಕ್ಕೂ ಒಂದಿನ ಕೂತ್ಕೊಳಿ.”

ಶಿವಯೋಗಿ ತಣ್ಣಗಾದ. “ಈಗ ಕರಿಯಮ್ಮಂಗೆ ಏನ್ ಹೇಳ್ಲಿ, ಅದ್ ಹೇಳು.”

ಅವಳು ಬಗ್ಗಿ ಮಂಚದ ಕೆಳಗಿನ ಕಂಪ್ಯೂಟರನ್ನು ಎಳೆದಳು. ಸಂಜೆಗೆ ಹಳೆಯ ಆವೃತ್ತಿ ಮತ್ತೆ ಪುಟ ಸೇರಿತು.

“ನೋಡಿ ಅಣ್ಣ, ಹಳೇದು ಇಲ್ಲೇ ಇರುತ್ತೆ. ಯಾರ್ ಬೇಕಾದ್ರೂ ಇಳಿಸ್ಕೊಳ್ಳಿ, ಮುಟ್ಟಲ್ಲ ನಾನು. ಆದ್ರೆ ಇನ್ಮೇಲೆ ಅದ್ರ ರಿಪೇರಿನೂ ಮಾಡಲ್ಲ. ಸುದೀಪನ್ನ ಕಳ್ಸಿ, ಕಲಿಸ್ಕೊಡ್ತೀನಿ.”

“ಕಳಿಸ್ತೀನಿ, ಕಳಿಸ್ತೀನಿ. ದೇವ್ರು ನಿಂಗೆ ಒಳ್ಳೇದ್ ಮಾಡ್ಲಿ ತಾಯಿ.”

“ದೇವ್ರಿಗೆ ಬೇರೆ ಕೆಲ್ಸ ಇದೆ. ಸುದೀಪ್ ಬರ್ಲಿ.”

ಆ ವಾರವೇ ಕರಿಯಮ್ಮನ ಸಂಬಳವಾಯಿತು. ಸುದೀಪ್ ಬರಲಿಲ್ಲ. ಕೇಳಿದರೆ ಅಂಗಡಿಯಲ್ಲಿ ಪುರುಸೊತ್ತಿಲ್ಲವಂತೆ. ಮೊನ್ನೆ ನಾನು ಹೋದಾಗ ವಿಂಡೋಸ್ ಮತ್ತೆ ಬದಲಾಗಿತ್ತು, ಆಯನೂರಿನ ಹಾಲಿನ ಸಂಘದವರ ಫೋನು ಬಡಿದುಕೊಳ್ಳುತ್ತಿತ್ತು. ಮಾಡಲ್ಲ ಅಂದವಳು ಮುದಿ ಕಂಪ್ಯೂಟರಿನ ಮುಂದೆ ಕೂತಿದ್ದಳು. “ಇನ್ಯಾರು ಮಾಡ್ತಾರೆ?” ಅಂದಳು, ನನ್ನ ಕಡೆ ತಿರುಗದೆ.

ಇದನ್ನು ಓದುತ್ತಿರುವ ನೀವು ಯಾವುದಾದರೂ ಸಂಘದವರಾಗಿದ್ದು ‘ಅಯ್ಯೋ ಪಾಪ’ ಅಂದುಕೊಳ್ಳುತ್ತಿದ್ದರೆ, ಆ ಪಾಪವನ್ನು ನೀವೇ ಇಟ್ಟುಕೊಳ್ಳಿ. ಎದ್ದು ಹೋಗಿ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಓಡುತ್ತಿದೆ ನೋಡಿ. ಹಳೆಯದಾಗಿದ್ದರೆ, ಅದರ ಕೆಲಸ ಕಲಿಯಲು ಒಬ್ಬರನ್ನು ಬರುವ ಭಾನುವಾರವೇ ವಿದ್ಯಾನಗರಕ್ಕೆ ಕಳಿಸಿ. ಕಳಿಸುತ್ತೀರೋ ಇಲ್ಲವೋ, ಈಗಲೇ ಹೇಳಿ.