ಮೂವತ್ತೊಂಬತ್ತೂವರೆ

ಗುರುಪಾದಪ್ಪನವರು ಎದುರಾದರೆ ಮೊದಲು ಕೇಳುತ್ತಿದ್ದುದು ಆರೋಗ್ಯವನ್ನಲ್ಲ. "ನಿಮ್ಮ ಹಿತ್ತಲದಾಗ ರಾತ್ರಿ ಥಂಡಿ ಎಷ್ಟಕ್ಕ ಇಳಿದಿತ್ರಿ?" ಎನ್ನುತ್ತಿದ್ದರು. ಲೆಸ್ಟರ್‌ನಲ್ಲಿ ನಮ್ಮಿಬ್ಬರ ಹಿತ್ತಲಿನ ನಡುವೆ ಇದ್ದದ್ದು ಒಂದು ಮರದ ಬೇಲಿ ಅಷ್ಟೇ. "ನಿಮ್ಮಲ್ಲಿ ಎಷ್ಟೋ ನಮ್ಮಲ್ಲೂ ಅಷ್ಟೇ ಸರ್" ಎಂದರೆ ಒಪ್ಪುತ್ತಿರಲಿಲ್ಲ.

"ಹೆಂಗ ಹೇಳ್ತೀರಿ? ನೋಡೀರೇನು?"

ಅವರು ಧಾರವಾಡದವರು, ಎಂಜಿನಿಯರಾಗಿ ನಿವೃತ್ತರಾದವರು. ನಾನು ಮೈಸೂರಿನವನು, ಹೈಸ್ಕೂಲು ಮುಗಿಸಿ ಬಂದು ಇಲ್ಲಿ ಬಸ್ಸು ಓಡಿಸಿದವನು.

ಅವರ ಮನೆಯ ಗೋಡೆಯ ತುಂಬ ಕೆನಡಾ ದೇಶದ ನಕ್ಷೆ. ಹರೆಯದಲ್ಲಿ ಅಲ್ಲಿಂದ ಕೆಲಸದ ಕರೆ ಬಂದಿತ್ತಂತೆ. "ಉಗುಳಿದ್ರ ನೆಲಕ್ಕ ಬೀಳೂದ್ರಾಗ ಮಂಜಗಡ್ಡಿ ಆಗತೈತಂತ, ಅಂಥಲ್ಲಿಗೆ ನಾ ಒಲ್ಲೆ" ಎಂದು ಹೆಂಡತಿ ನೀಲಮ್ಮನವರು ಹಟ ಹಿಡಿದರು. ಇಬ್ಬರೂ ಇಂಗ್ಲೆಂಡಿಗೆ ಬಂದರು. ಹೋಗದೆ ಉಳಿದ ಆ ದೇಶದ ಮೇಲೆ ಅವರ ಕುತೂಹಲ ಮಾತ್ರ ತೀರಲಿಲ್ಲ. ಪ್ರತಿ ಪ್ರಾಂತ್ಯದಲ್ಲೂ ಅತಿ ಹೆಚ್ಚು ಬಿಸಿಲು ಕಂಡ ಊರಿಗೆ ಕೆಂಪು ಪಿನ್ನು, ಅತಿ ಹೆಚ್ಚು ಚಳಿ ಕಂಡ ಊರಿಗೆ ನೀಲಿ ಪಿನ್ನು ಚುಚ್ಚಿದ್ದರು.

"ಇದೊಂದ ಪ್ರಾಂತ್ಯ ನೋಡ್ರಿ. ಕೆಳಗ ಮೈನಸ್ ಐವತ್ತಾರು, ಮ್ಯಾಲ ನಲವತ್ತೈದು. ಅಲ್ಲೇ ಗೋದಿ ಬಿತ್ತತಾರ, ಅಲ್ಲೇ ಮದುವಿ ಮಾಡತಾರ!" ಎಂದು ಕಣ್ಣರಳಿಸುತ್ತಿದ್ದರು. ಇಡೀ ದೇಶಕ್ಕೇ ಹೆಚ್ಚಿನ ಬಿಸಿಲು ಕಂಡ ಹಳ್ಳಿ ಮರುದಿನವೇ ಬೆಂಕಿಗೆ ಸಿಕ್ಕಿ ಸುಟ್ಟಿತ್ತು. ಆ ಪಿನ್ನನ್ನು ಮುಟ್ಟುವಾಗ ದನಿ ಇಳಿಸುತ್ತಿದ್ದರು. "ದಾಖಲೆ ಉಳೀತು, ಊರು ಉಳೀಲಿಲ್ಲ."

ಅವರ ಪ್ರೀತಿಯ ಪಿನ್ನು ವಾಯವ್ಯ ಮೂಲೆಯ ನೀಲಿಯದು. ಅಲ್ಲೊಂದು ಸಣ್ಣ ವಿಮಾನ ನಿಲ್ದಾಣ. "ಥರ್ಮಾಮೀಟರಿನ ಗೀಟೆಲ್ಲಾ ಮುಗದು ಇನ್ನೂ ಕೆಳಗ ಇಳೀತು. ಓದಾಕ ಅಂಕಿ ಇಲ್ಲ. ಅಲ್ಲಿ ಅಳತಿ ಬರಕೊಳ್ಳಾವ ಊಹಾ ಮಾಡಿ ಬರೀಲಿಲ್ರಿ. ಗಾಜಿನ ಮ್ಯಾಲ ಒಂದು ಗೀರು ಎಳದು, ಥರ್ಮಾಮೀಟರನ್ನ ದೊಡ್ಡ ಆಫೀಸಿಗೆ ಕಳಿಸಿದ. ಅಲ್ಲಿ ಅಳದು ಹೇಳಿದ್ರು, ಮೈನಸ್ ಅರವತ್ಮೂರು. ಅಂಥವಂಗ ಕೈ ಮುಗೀಬೇಕು."

ಅವರ ಹಿತ್ತಲಿನ ಗೋಡೆಯ ಮೇಲೂ ಒಂದು ಥರ್ಮಾಮೀಟರ್ ಇತ್ತು. ಬಾಗಿದ ಗಾಜಿನ ಕೊಳವೆ, ಒಳಗೆ ಎರಡು ಪುಟ್ಟ ಉಕ್ಕಿನ ಕಡ್ಡಿ. ಪಾದರಸ ತಳ್ಳಿದಷ್ಟು ದೂರ ಹೋಗಿ ಅವು ಅಲ್ಲೇ ನಿಲ್ಲುತ್ತವೆ. ಒಂದು ಹೆಚ್ಚಿನ ಬಿಸಿಯನ್ನು, ಇನ್ನೊಂದು ಕಡಿಮೆಯದನ್ನು ತೋರಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಓದಿ ಬರೆದುಕೊಂಡು, ಆಮೇಲೆ ಅಯಸ್ಕಾಂತದಿಂದ ಕಡ್ಡಿಗಳನ್ನು ಪಾದರಸದವರೆಗೆ ಎಳೆಯಬೇಕು. ಮೂವತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ತಪ್ಪಿಸಿದವನು ನಾನು.

ಎರಡು ಸಾವಿರದ ಇಪ್ಪತ್ತೆರಡರ ಜುಲೈ. ನೀಲಮ್ಮನವರ ಮೊಣಕಾಲಿನ ಆಪರೇಷನ್ನಿಗೆ ಇಬ್ಬರೂ ಬರ್ಮಿಂಗ್‌ಹ್ಯಾಮಿಗೆ ಹೊರಟರು. ಅಯಸ್ಕಾಂತ ನನ್ನ ಕೈಗೆ ಬಂತು. "ಮೊದಲ ಓದೂದು, ಆಮ್ಯಾಲ ಮ್ಯಾಗ್ನೆಟ್. ನೀವು ಮೈಸೂರು ಮಂದಿ ಎಲ್ಲಾದಕ್ಕೂ 'ಸುಮಾರು' ಅಂತೀರಿ. ಇದಕ್ಕ ಸುಮಾರು ಗೊತ್ತಿಲ್ರಿ." ಹಿತ್ತಲಿನ ದಾಖಲೆ ಮುರಿದರೆ ನಕ್ಷೆಯ ಅಂಚಿನ ಅಟ್ಲಾಂಟಿಕ್ ನೀಲಿಯಲ್ಲೇ ಒಂದು ಕೆಂಪು ಪಿನ್ನು ಎಂದು ಜಾಗವನ್ನೂ ತೋರಿಸಿದ್ದರು.

ಆ ವಾರವೇ ಇಂಗ್ಲೆಂಡು ಮೊದಲ ಸಲ ನಲವತ್ತು ಡಿಗ್ರಿ ದಾಟಿತು. ಮರುದಿನ ಬೆಳಿಗ್ಗೆ ಫೋನನ್ನು ಕಿವಿಗೆ ಒತ್ತಿಕೊಂಡು ಮಗಳ ಜೊತೆ ಮಾತಾಡುತ್ತ ಹೋದವನು ಮೊದಲು ಅಯಸ್ಕಾಂತ ಹಿಡಿದೆ. ಕಡ್ಡಿಗಳೆರಡೂ ಸದ್ದಿಲ್ಲದೆ ಜಾರಿದವು. ಅಂಥ ದಿನದ ಗುರುತೇ ಹೋಯಿತು. ರೇಡಿಯೋದಲ್ಲಿ ಅಕ್ಕಪಕ್ಕದ ಊರುಗಳ ಅಂಕಿ ಕೇಳಿದ್ದೆ. ಪೂರ್ಣ ಸಂಖ್ಯೆಗಿಂತ ಅರ್ಧ ಸೇರಿಸಿದರೆ ನಂಬುವ ಹಾಗಿರುತ್ತದೆ ಅನ್ನಿಸಿತು. ಚೀಟಿಯಲ್ಲಿ ಬರೆದೆ.

ಫೋನ್ ಬಂತು. "ಎಷ್ಟಾತ್ರಿ, ರಂಗಪ್ಪನವರ?"

"ಮೂವತ್ತೊಂಬತ್ತೂವರೆ, ಸರ್."

"ಅರ್ಧಾ ಕಂಡಿತೇನು?"

"ಬಗ್ಗಿ ನೋಡಿದೆ ಸರ್."

"ಹೂಂ. ಒಳ್ಳೇದಾತು."

ಮತ್ತೆಂದೂ ಅವರು ಆ ಮಾತೆತ್ತಲಿಲ್ಲ. ನಾನು ನಕ್ಷೆಯ ಕಡೆ ನೋಡುವುದನ್ನೇ ಬಿಟ್ಟೆ. ಮರುವರ್ಷ ಊರಿಗೆ ಹೊರಟಾಗ ಅದೇ ಅಯಸ್ಕಾಂತವನ್ನು ಮತ್ತೆ ನನಗೇ ಕೊಟ್ಟರು. "ಓದೂದು ತಪ್ಪಿದ್ರ ಜಾಗಾ ಖಾಲಿ ಬಿಡ್ರಿ. ನಾ ಏನೂ ಅನ್ನೂದಿಲ್ಲ." ಆಗಲಾದರೂ ಹೇಳಬಹುದಿತ್ತು. ಅಯಸ್ಕಾಂತವನ್ನು ಜೇಬಿಗಿಟ್ಟುಕೊಂಡು ಬಂದೆ.

ಕಳೆದ ಚಳಿಗಾಲ ಅವರು ಆಸ್ಪತ್ರೆ ಸೇರಿದಾಗ ನೀಲಮ್ಮನವರು ಅವರ ನೋಟುಬುಕ್ಕನ್ನು ನನಗೆ ಕೊಟ್ಟು, "ನೀವ ಬರೀಬೇಕಂತ" ಎಂದರು. ಮೊದಲು ಆ ಜುಲೈ ತೆರೆದೆ. ಆ ದಿನದ ಜಾಗ ಖಾಲಿ. ನನ್ನ ಚೀಟಿ ಅಲ್ಲೇ ಮಡಚಿಕೊಂಡಿತ್ತು. ಹಿತ್ತಲಿಗೆ ಹೋಗಿ ಥರ್ಮಾಮೀಟರನ್ನು ಮೊದಲ ಸಲ ನಿಜಕ್ಕೂ ಬಗ್ಗಿ ನೋಡಿದೆ. ಎರಡೆರಡು ಡಿಗ್ರಿಗೆ ಒಂದು ಗೀಟು. ಅದರಲ್ಲಿ ಅರ್ಧ ಡಿಗ್ರಿ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ.

ಸಂಜೆ ವಾರ್ಡಿಗೆ ಹೋದೆ. ಕಣ್ಣು ತೆರೆಯುತ್ತಲೇ, "ಹೊರಗ ಎಷ್ಟೈತ್ರಿ?" ಎಂದರು.

"ಗೀಟು ಮಾತ್ರ ನೋಡಿದೆ, ಅಂಕಿ ಓದಿಲ್ಲ ಸರ್. ಆವತ್ತೂ ಓದಿರಲಿಲ್ಲ."

"ಗೊತ್ತೈತ್ರಿ." ತುಟಿಯಲ್ಲೇ ನಕ್ಕರು. "ನಾಳೆ ನೋಡಿ ಹೇಳ್ರಿ. ಮೊದಲ..."

"ಮೊದಲು ಓದೋದು ಸರ್, ಆಮೇಲೆ ಮ್ಯಾಗ್ನೆಟ್."

ಮರುದಿನ ಒಂಬತ್ತಕ್ಕೆ ಬೇಲಿ ದಾಟಿ ಗೋಡೆಯ ಮುಂದೆ ನಿಂತಿದ್ದೆ. ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಬಿಟ್ಟೆ. ಹೆಚ್ಚು ಆರು, ಕಡಿಮೆ ಮೈನಸ್ ಎರಡು ಎಂದು ಓದಿ ಬರೆದೆ. ಕಡ್ಡಿಗಳನ್ನು ಎಳೆದೆ. ಆಮೇಲೆ ಫೋನ್ ಎತ್ತಿದೆ. ನೀಲಮ್ಮನವರು ಅಳುತ್ತಿದ್ದರು. ಗುರುಪಾದಪ್ಪನವರಿಗೆಂದು ಓದಿದ ಅಂಕಿ ನನ್ನ ಕೈಯಲ್ಲೇ ಉಳಿಯಿತು.