ಹೊಟ್ಟೆ ನೀವುವಾಗಿನ ಮಾತು

ಮೊಮ್ಮಗುವಿಗೆ ಎರೆಯಲು ನೀರು ಕಾಯುತ್ತಿತ್ತು. ಪುಟ್ಟ ಬಟ್ಟಲಲ್ಲಿ ಹರಳೆಣ್ಣೆ ಬಿಸಿಗಿಟ್ಟೆ. ಆ ಮಂದವಾದ, ತುಸು ಕಮಟು ವಾಸನೆ ಏಳುತ್ತಲೇ ಹುಣಸೂರಿನ ಪಕ್ಕದ ಮನೆಯ ಅಕ್ಕ ನೆನಪಾದರು...

ಆಗಿನ್ನೂ ಮಹಾರಾಜರ ಕಾಲ. ಮೈಸೂರಿನ ಕಾನ್ವೆಂಟು ಬಿಟ್ಟು, ಮದುವೆಯಾಗಿ ಹುಣಸೂರಿಗೆ ಬಂದ ನನಗೆ ಕಸೂತಿ ಬಿಟ್ಟರೆ ಜೊತೆಗಿದ್ದವರು ಅಕ್ಕ ಒಬ್ಬರೇ. ಅವರಿಗೆ ಬಹಳ ಕಾಲದ ಹೊಟ್ಟೆನೋವು. ಎರಡು ತುತ್ತಿಗೇ ಸೆರಗನ್ನು ಹೊಟ್ಟೆಗೆ ಒತ್ತಿಕೊಂಡು ಎದ್ದುಬಿಡುತ್ತಿದ್ದರು. ಆಸ್ಪತ್ರೆಯ ಡಾಕ್ಟರು ಮಿಕ್ಸ್ಚರ್ ಕೊಟ್ಟು ಕೊಟ್ಟು ಸೋತಿದ್ದರು. ನೋವು ಶುರುವಾದದ್ದು ಅವರ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ. ಹೋದ ಮಗುವಿನ ಹೆಸರೆತ್ತಿದರೆ ಅದರ ಜೀವ ಹೊಸಿಲು ದಾಟುವುದಿಲ್ಲವೆಂದು ಆ ಮನೆಯ ನಂಬಿಕೆ. ಅಕ್ಕನ ಅತ್ತೆ ಮಗುವಿನ ಅಂಗಿ, ಗಿಲಕಿಗಳನ್ನು ಯಾರಿಗೋ ಕೊಟ್ಟು, ಮಾತನ್ನೂ ಅಲ್ಲಿಗೇ ಮುಗಿಸಿದ್ದರು.

ಸಂತೆಯ ದಿನ ಕಂಪಲಾಪುರದಿಂದ ಹೊಟ್ಟೆ ನೀವುವ ಅಜ್ಜಿಯೊಬ್ಬಳು ಬರುತ್ತಿದ್ದಳು. ಕೊನೆಗೆ ಅವಳನ್ನೇ ಕರೆಸಿದರು. ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿ, ಬೆಚ್ಚಗಿನ ಹರಳೆಣ್ಣೆ ಸವರಿ, ಹೊಕ್ಕುಳ ಸುತ್ತ ಹೆಬ್ಬೆರಳು ಒತ್ತುತ್ತ ಅಜ್ಜಿ ಗದರಿದಳು.

"ಉಸಿರು ಬಿಗಿ ಇಡೀಬ್ಯಾಡ ಕಣವ್ವ, ಒಟ್ಟೆ ಕಲ್ಲಾಯ್ತದೆ. ಏನಾರ ಮಾತಾಡ್ತಿರು."

"ಏನಂತ ಮಾತಾಡ್ಲಿ?"

"ನಿಮ್ಮತ್ತೇನ ಬಯ್ಯಿ. ಬ್ಯಾಡ ಅಂದೋರ್ಯಾರು?"

ಅಕ್ಕ ನಕ್ಕರು. ನಗುತ್ತ ನಗುತ್ತ ಹಾಗೇ ಮಗಳ ಮಾತಿಗೆ ಬಂದರು. ಗೌರಿ ಗಂಜಿ ಕುಡಿಯುವಾಗ ಗಲ್ಲಕ್ಕೆಲ್ಲ ಮೆತ್ತಿಕೊಳ್ಳುತ್ತಿದ್ದುದು, ಬೆಕ್ಕಿಗೂ ಕುಡಿಸಲು ಹೋಗುತ್ತಿದ್ದುದು... ಅಜ್ಜಿ ಊಂ, ಊಂ ಅನ್ನುತ್ತ ನೀವುತ್ತಲೇ ಇದ್ದಳು. ಅಂದು ಉಂಡ ಮಜ್ಜಿಗೆ ಅನ್ನ ಅಕ್ಕನ ಹೊಟ್ಟೆಯಲ್ಲಿ ನಿಂತಿತು. ಕೆಲವು ಸಂತೆ ಕಳೆಯುವಷ್ಟರಲ್ಲಿ ಬಳೆಗಳು ಮೊಣಕೈಗೆ ಜಾರುವುದೂ ನಿಂತಿತು.

ಆಮೇಲೊಂದು ದಿನ ಅತ್ತೆ ಬಾಗಿಲ ಮರೆಯಲ್ಲಿ ಆ ಹೆಸರು ಕೇಳಿಸಿಕೊಂಡರು. ಅಜ್ಜಿಗೆ ಇನ್ನು ಬರಬೇಡವೆಂದರು. ಸೊಸೆಯ ಮೇಲೆ ಸಿಟ್ಟೇನೂ ಇರಲಿಲ್ಲ. "ಎಣ್ಣೆ ತಾನೆ, ನಾನೇ ನೀವ್ತೀನಿ ಬುಡು" ಅಂದರು. ನೀವಿದರು ಕೂಡ. ದಿನವೂ, ಅಜ್ಜಿಗಿಂತ ಮೆತ್ತಗೆ, ಅದೇ ಎಣ್ಣೆಯಲ್ಲಿ. ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಅತ್ತೆಯ ಕಣ್ಣೀರು ಸೊಸೆಯ ಹೊಟ್ಟೆಯ ಮೇಲೆ ಬಿದ್ದದ್ದನ್ನು ನೋಡಿದೆ. ಅದನ್ನೂ ಎಣ್ಣೆಯ ಜೊತೆಗೇ ಸವರಿಬಿಟ್ಟರು...

ನೋವು ಮರಳಿತು. ಗಂಜಿಯೂ ನಿಲ್ಲದಾಯಿತು. ನಾನು ಪಕ್ಕದಲ್ಲಿ ಕೂತಿದ್ದಾಗ ಅಕ್ಕ ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ನೀನಾರ ಒಂದ್ಸಲ ಅವಳ್ ಹೆಸ್ರು ಹೇಳವ್ವ. ನಾನೇಳುದ್ರೆ ಅತ್ತೆ ನೊಂದ್ಕತಾರೆ" ಅಂದರು. ಕಿವಿಯ ಹತ್ತಿರ ಹೇಳಿದೆ. ಬಿಗಿದಿದ್ದ ಹೊಟ್ಟೆ ನನ್ನ ಅಂಗೈ ಕೆಳಗೆ ಸ್ವಲ್ಪ ಸಡಿಲವಾಯಿತು.

ಆ ವರ್ಷ ರಾಗಿ ಬಿತ್ತುವ ಮೊದಲೇ ಅಕ್ಕ ಹೋದರು. ಆ ಮನೆಯಲ್ಲಿ ಎತ್ತಬಾರದ ಹೆಸರು ಎರಡಾದವು. ನೋಡಿ, ಇಲ್ಲಿಯೂ ನಾನು ಅಕ್ಕ ಎಂದಷ್ಟೇ ಬರೆದಿದ್ದೇನೆ.

ಎಣ್ಣೆ ಹದವಾಗಿ ಬೆಚ್ಚಗಾಗಿತ್ತು. ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಅದರ ಹೊಟ್ಟೆ ಸವರುತ್ತ, ಎರಡೂ ಹೆಸರನ್ನು ಮೆಲ್ಲಗೆ ಹೇಳಿದೆ. ಅದಕ್ಕೇನು ಗೊತ್ತು, ನಕ್ಕಿತು. ಊಂ ಅನ್ನುವವರು ಯಾರೂ ಇರಲಿಲ್ಲ...